"ಗ್ರೌಂಡ್ ಫ್ಲೋರ್‌ನಲ್ಲಿ ಅಂಗಡಿ ಇಟ್ಟಿದ್ದೀವಲ್ಲ ಸಾರ್!"

ಚಿತ್ರಮಂದಿರ, ಬಾರು, ಸಂಗೀತದ ಅಡ್ಡೆಗಳಿರುವ ಹಳೇ ಬೀದಿಯಲ್ಲಿ ಫ್ಲಾಟುಗಳ ಗೋಪುರ ಎಬ್ಬಿಸಲು ಹೊರಟ ಬಿಲ್ಡರ್‌ಗಳಿಗೆ "ಬೀದಿಯ ಜೀವ ಹೋಗುತ್ತದಲ್ಲ" ಅಂದರೆ, ಅವರು ನಕ್ಷೆ ಹರಡಿ ಹೇಳುವ ಮಾತು ಇದೊಂದೇ. ಅಂಗಡಿ ಇಟ್ಟಿದ್ದೀರಿ, ಸರಿ. ಎಷ್ಟು ಅಗಲದ್ದು?

ಅದನ್ನು ತೀರ್ಮಾನಿಸುವುದು ನೀವೂ ಅಲ್ಲ, ನಾನೂ ಅಲ್ಲ, ನೆಲದಡಿಯ ಪಾರ್ಕಿಂಗ್. ಎರಡು ಕಂಬಗಳ ನಡುವೆ ಮೂರು ಕಾರು ನಿಲ್ಲಬೇಕೆಂದರೆ ಸುಮಾರು 27 ಅಡಿ ಅಂತರ ಬೇಕು. ಅದೇ ಕಂಬ ಮೇಲೆದ್ದು ಬರುತ್ತದೆ, ಅಂಗಡಿಯೂ ಅಷ್ಟೇ ಅಗಲವಾಗುತ್ತದೆ. ಹಳೇ ಅಂಗಡಿಗಳದು 12 ಅಡಿ. 200 ಅಡಿ ಮುಂಭಾಗದಲ್ಲಿ ಹದಿನಾರು ಬಾಗಿಲುಗಳಿದ್ದವು. ಈಗ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್, ಫ್ಲಾಟಿನವರ ಲಾಬಿ, ಟ್ರಾನ್ಸ್‌ಫಾರ್ಮರ್, ಅಗ್ನಿಶಾಮಕ ವಾಹನದ ದಾರಿ, ತುರ್ತು ಮೆಟ್ಟಿಲಿನ ಬಾಗಿಲು ಎಲ್ಲ ಸೇರಿ ಅರ್ಧಕ್ಕಿಂತ ಹೆಚ್ಚು ನುಂಗುತ್ತವೆ. ಮಿಕ್ಕಿದ್ದರಲ್ಲಿ ಮೂರು ಅಂಗಡಿ. (ನಿಯಮಗಳು ಊರಿಂದೂರಿಗೆ ಬೇರೆ, ಇವನ್ನು ಅಂದಾಜೆಂದೇ ಇಟ್ಟುಕೊಳ್ಳಿ.)

"ಮಧ್ಯೆ ಗೋಡೆ ಹಾಕಿದರಾಯಿತು" ಅನ್ನುತ್ತಾರೆ. 70 ಅಡಿ ಆಳದ ಜಾಗವನ್ನು ಸೀಳಿದರೆ ಸಿಗುವುದು ಸುರಂಗ, ಅಂಗಡಿಯಲ್ಲ. ಬೀದಿಗೆ ತಾಗಿ 25 ಅಡಿ ಆಳದ ಸಣ್ಣ ಅಂಗಡಿಗಳ ಸಾಲು ಮಾಡಿ, ಗೋದಾಮು, ಮೀಟರ್ ಕೋಣೆಗಳನ್ನು ಹಿಂದಕ್ಕೆ ತಳ್ಳಿ ಅಂದರೆ ಬಾಡಿಗೆ ಏಜೆಂಟರ ಮುಖ ಸಪ್ಪಗಾಗುತ್ತದೆ. ಒಬ್ಬನೇ ದೊಡ್ಡ ಬಾಡಿಗೆದಾರ ಸಿಕ್ಕರೆ ಅವರಿಗೆ ತಲೆನೋವು ಕಡಿಮೆ. ಸಾಮಾನ್ಯವಾಗಿ ಆತ ಬ್ಯಾಂಕಿನವನು, ಸಂಜೆ ಶಟರ್ ಎಳೆಯುವವನು. ರಾತ್ರಿ ಬದುಕುವ ಬೀದಿಯಲ್ಲಿ!

ನ್ಯೂಯಾರ್ಕಿನ ಅಪ್ಪರ್ ವೆಸ್ಟ್ ಸೈಡ್‌ನ ಎರಡು ಅವೆನ್ಯೂಗಳಲ್ಲಿ 2012ರಲ್ಲೇ ಹೊಸ ಅಂಗಡಿಯ ಮುಂಭಾಗಕ್ಕೆ 40 ಅಡಿ, ಬ್ಯಾಂಕಿಗೆ 25 ಅಡಿ ಎಂದು ಮಿತಿ ಹಾಕಿದರು. ಅಗಲವನ್ನೇ ಹಿಡಿದದ್ದು ನನಗೆ ಮೆಚ್ಚುಗೆಯಾಯಿತು.

ಇನ್ನು ಹೊಗೆ. ನನ್ನ ಸಲಹೆ ಪಡೆಯುವ ಬಿಲ್ಡರೊಬ್ಬರು, ನಿಜಕ್ಕೂ ಒಳ್ಳೆಯವರು, ತಾವು ಒಡೆಸಿದ ಹೋಟೆಲಿನ ಯಜಮಾನರನ್ನೇ ಕಡಿಮೆ ಬಾಡಿಗೆಗೆ ವಾಪಸು ಕರೆದರು. ಯಜಮಾನರು ಬಂದು, ಟೈಲ್ಸನ್ನಾಗಲೀ ದೀಪವನ್ನಾಗಲೀ ನೋಡದೆ, ಕತ್ತೆತ್ತಿ ಸೂರು ನೋಡಿ, "ಒಗ್ಗರಣೆ ಹೊಗೆ ಎಲ್ಲಿಂದ ಹೋಗುತ್ತೆ?" ಎಂದರು. ಮೇಲೆ ಅಷ್ಟೂ ಮಹಡಿ ಫ್ಲಾಟು. ತಾರಸಿಯವರೆಗೆ ಹೊಗೆ ಒಯ್ಯುವ ಶಾಫ್ಟ್ ಮೊದಲ ನಕ್ಷೆಯಲ್ಲೇ ಇರಬೇಕು, ಆಮೇಲೆ ಸ್ಲ್ಯಾಬ್ ಕೊರೆಯಲು ಯಾವ ಸ್ಟ್ರಕ್ಚರಲ್ ಎಂಜಿನಿಯರೂ ಸುಲಭಕ್ಕೆ ಸಹಿ ಹಾಕುವುದಿಲ್ಲ. ಅಲ್ಲೀಗ ಮೊಬೈಲ್ ಶೋರೂಮ್ ಇದೆ.

ಶಬ್ದದ್ದೂ ಅದೇ ಕಥೆ. ಹಾಡಿನ ಅಡ್ಡೆಯ ಪಕ್ಕ ಫ್ಲಾಟ್ ಕಟ್ಟಿದರೆ ಶಬ್ದ ತಡೆಯುವ ಹೊಣೆ ಹೊಸದಾಗಿ ಕಟ್ಟುವವನದು ಎಂದು ಇಂಗ್ಲೆಂಡಿನ ಯೋಜನಾ ನೀತಿ 2018ರಿಂದ ಹೇಳುತ್ತಿದೆ. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಎರಡು ಪದರದ ಗಾಜಿನ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಗಾಜೂ ಡ್ರಮ್ಮಿನ ತಗ್ಗು ಸದ್ದನ್ನು ಪೂರ್ತಿ ತಡೆಯುತ್ತದೆಂದು ನಾನು ಬರೆದುಕೊಡಲಾರೆ, ಮಲಗುವ ಕೋಣೆಗಳನ್ನು ಹಿಂಬದಿಗೆ ತಿರುಗಿಸಿದರೆ ವಾಸಿ.