ಮನೆ ಶಿಫ್ಟಿಂಗ್ ಖರ್ಚು: ಲೆಕ್ಕ ಮೆಟ್ಟಿಲಿನಿಂದ ಶುರು

ಮಂಗಳೂರಿನಲ್ಲಿ ಮನೆ ಬದಲಿಸುವವರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದು: "ಬಿಜೈಯಿಂದ ಕುಲಶೇಖರಕ್ಕೆ ಎಷ್ಟಾಗ್ತದೆ?" ಇದಕ್ಕೆ ಕೂಡಲೇ ಒಂದು ಮೊತ್ತ ಹೇಳುವವರನ್ನು ನಂಬಬೇಡಿ. ಊರೊಳಗಿನ ಶಿಫ್ಟಿಂಗಿನಲ್ಲಿ ಗಾಡಿ ಓಡುವ ದೂರದ ಖರ್ಚು ಸಣ್ಣದು. ಹಣ ಕರಗುವುದು ಮನೆಯ ಬಾಗಿಲಿನಿಂದ ಗಾಡಿಯ ಹಿಂಬಾಗಿಲಿನವರೆಗೆ ಆಳುಗಳು ಹೊತ್ತು ನಡೆಯುವ ದಾರಿಯಲ್ಲಿ. ಎರಡೂ ಮನೆಗಳ ಆ ದಾರಿಯನ್ನು ನೋಡದೆ, ಕಡಿಮೆಯೆಂದರೆ ವೀಡಿಯೊದಲ್ಲಾದರೂ ನೋಡದೆ ಹೇಳಿದ ದರ ಸಾಮಾನು ಇಳಿಸುವ ಹೊತ್ತಿಗೆ ಬದಲಾಗುತ್ತದೆ, ಜಗಳ ಶುರುವಾಗುವುದೂ ಅಲ್ಲೇ.

ಲೆಕ್ಕ ಹಾಕಿ ನೋಡಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಪೆಟ್ಟಿಗೆ, ಗೋಣಿ, ಪೀಠೋಪಕರಣ ಎಲ್ಲ ಸೇರಿ ಸುಮಾರು 80 ನಗ (ಬಿಡಿ ಸಾಮಾನು) ಆಗುತ್ತದೆ. ಕಪಾಟು, ಫ್ರಿಜ್, ಸೋಫಾದಂಥವನ್ನು ಇಬ್ಬರು ಹಿಡಿಯಬೇಕು. ಹಾಗಾಗಿ ಒಬ್ಬ ಆಳಿನ ಲೆಕ್ಕಕ್ಕೆ ತಂದರೆ 110 ಸಲ ಹೋಗಿಬರುವ ಕೆಲಸ. ನೆಲಮಾಳಿಗೆಯೂ ಅಲ್ಲ, ಮಹಡಿಯೂ ಅಲ್ಲ, ಗಾಡಿ ಅಂಗಳದಲ್ಲೇ ನಿಂತಿದೆ ಎಂದುಕೊಳ್ಳಿ: ಎತ್ತಿ, ಇಟ್ಟು, ಮರಳಲು 2 ನಿಮಿಷ. ನಾಲ್ವರು ಒಂದು ಗಂಟೆಯೊಳಗೆ ಲೋಡ್ ಮುಗಿಸುತ್ತಾರೆ. ಅದೇ ಸಾಮಾನು ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿದ್ದರೆ ಮಹಡಿಗೊಂದು ನಿಮಿಷ ಸೇರುತ್ತದೆ. ಗೇಟಿನಿಂದ ಗಾಡಿಗೆ 40 ಮೀಟರ್ ನಡೆಯಬೇಕಾದರೆ ಇನ್ನೂ ಒಂದೂವರೆ ನಿಮಿಷ. ಸಲಕ್ಕೆ ಐದೂವರೆ ನಿಮಿಷದಂತೆ 605 ನಿಮಿಷ, ನಾಲ್ವರಿಗೆ ಹಂಚಿದರೆ ಎರಡೂವರೆ ಗಂಟೆ. ಎರಡು ಗಂಟೆ ಹೊತ್ತ ಮೇಲೆ ಯಾರ ಕಾಲೂ ಮೊದಲಿನಷ್ಟು ಬೇಗ ಏಳುವುದಿಲ್ಲ, ಆದ್ದರಿಂದ ಮೂರು ಗಂಟೆ ಎಂದೇ ಹಿಡಿಯಿರಿ. ಇಷ್ಟೆಲ್ಲ ಆಗುವಾಗ ಗಾಡಿ ಇನ್ನೂ ಒಂದು ಕಿಲೋಮೀಟರ್ ಸಹ ಓಡಿಲ್ಲ.

ನಮ್ಮ ಊರಿನ ನೆಲವೇ ಇದಕ್ಕೆ ಕಾರಣ. ಕದ್ರಿ, ಬೆಂದೂರು, ಶಕ್ತಿನಗರ, ಮಾರ್ನಮಿಕಟ್ಟೆ ಕಡೆಯ ಒಳರಸ್ತೆಗಳು ಕಾಂಕ್ರೀಟ್ ಆಗಿದ್ದರೂ ಕಡಿದಾದ ಏರು, ಇಕ್ಕಟ್ಟಾದ ತಿರುವು. ಖಾಲಿ ಗಾಡಿ ಸಲೀಸಾಗಿ ಇಳಿದ ದಾರಿಯಲ್ಲಿ ಲೋಡ್ ಆದ ಗಾಡಿ ಮಳೆಯಲ್ಲಿ ಹತ್ತದೆ ಹೋಗಬಹುದು. ಆದ್ದರಿಂದ ಗಾಡಿ ಗೊತ್ತು ಮಾಡುವ ಮೊದಲು ಟೇಪು ಹಿಡಿದು ಗೇಟಿನ ಅಗಲ ಅಳೆಯಿರಿ. ತಲೆ ಮೇಲೆ ಜೋತ ಕೇಬಲ್ಲಿನ ಎತ್ತರ ನೋಡಿ. ಅಂಗಳಕ್ಕೆ ಹೋಗುವಲ್ಲಿ ತೋಡಿನ ಮೇಲೆ ಹಾಸಿದ ಸ್ಲ್ಯಾಬ್ ಕಾರಿಗೆಂದು ಹಾಕಿದ್ದೋ, ಲೋಡ್ ಗಾಡಿಯನ್ನೂ ತಾಳುತ್ತದೋ ಎಂದು ಮನೆ ಮಾಲೀಕರನ್ನು ಕೇಳಿ. ಉಡುಪಿಯ ರಥಬೀದಿಯ ಆಸುಪಾಸಿನ ಮನೆಗಳಿಗೆ ಗಾಡಿ ಬಾಗಿಲಿನವರೆಗೆ ಬರುತ್ತದೆ ಎಂಬ ಭರವಸೆಯಲ್ಲಿ ಲೆಕ್ಕ ಹಾಕಲೇಬೇಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಕೃಷ್ಣಮಠದ ಪರ್ಯಾಯೋತ್ಸವದ ದಿನಗಳಲ್ಲಂತೂ ಪೇಟೆಯೊಳಗೆ ಶಿಫ್ಟಿಂಗ್ ಇಟ್ಟುಕೊಳ್ಳುವುದೇ ಬೇಡ.

ಫ್ಲ್ಯಾಟಿನಲ್ಲಿ ಲಿಫ್ಟ್ ಇದ್ದರೆ ಚಿಂತೆಯಿಲ್ಲ ಎನ್ನುವವರು ಅದರ ಒಳ ಅಳತೆ ನೋಡಿರುವುದಿಲ್ಲ. 6 ಜನರ ಲಿಫ್ಟ್ ಎಂದರೆ 408 ಕೆ.ಜಿ. ಭಾರ ಹೊರಬಲ್ಲ ಲಿಫ್ಟ್. ಭಾರಕ್ಕಿಂತ ದೊಡ್ಡ ತೊಡಕು ಉದ್ದದ್ದು. ಮೂರು ಜನ ಕೂರುವ ಸೋಫಾ, ಮಡಚಲಾಗದ ಹಾಸಿಗೆ, ಆರೂವರೆ ಅಡಿಯ ಉಕ್ಕಿನ ಕಪಾಟು, ಇವೆಲ್ಲ ಅನೇಕ ಲಿಫ್ಟ್‌ಗಳಲ್ಲಿ ಹಿಡಿಯುವುದೇ ಇಲ್ಲ, ಮೆಟ್ಟಿಲಿನಲ್ಲೇ ಹೋಗಬೇಕು. ಮೆಟ್ಟಿಲು ತಿರುಗುವ ಜಾಗ ಸಾಲದಿದ್ದರೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಬೇಕು, ಅದಕ್ಕೆ ಬೇರೆ ದರ, ಬೇರೆ ಪರಿಣತಿ. ಅಸೋಸಿಯೇಷನ್‌ನವರನ್ನು ವಾರ ಮೊದಲೇ ಕಾಣಿ: ಯಾವ ಹೊತ್ತಿನಲ್ಲಿ ಸಾಮಾನು ಏರಿಸಬಹುದು, ಭಾನುವಾರ ಬಿಡುತ್ತಾರೋ, ಡೆಪಾಸಿಟ್ ಇದೆಯೋ ಎಂದು ಕೇಳಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಲಿಫ್ಟ್ ಕೊಡುವುದಿಲ್ಲ ಎಂದು ಅವತ್ತೇ ಗೊತ್ತಾದರೆ ನಾಲ್ಕು ಆಳು, ಒಂದು ಗಾಡಿ ಎರಡು ಗಂಟೆ ಸುಮ್ಮನೆ ನಿಲ್ಲುತ್ತವೆ.

ಇನ್ನು ಗಾಡಿ. ಸಾಮಾನಿನ ಗಾತ್ರವನ್ನು ಘನ ಅಡಿಯಲ್ಲಿ ಬರೆದುಕೊಳ್ಳುವುದು ಕಷ್ಟವಲ್ಲ, ಉದ್ದ, ಅಗಲ, ಎತ್ತರ ಗುಣಿಸಿದರೆ ಆಯಿತು. ಮೂರಡಿ ಅಗಲದ ಉಕ್ಕಿನ ಕಪಾಟು 31 ಘನ ಅಡಿ. ಒಂದೂವರೆ ಅಡಿ ಚೌಕದ ರಟ್ಟಿನ ಪೆಟ್ಟಿಗೆ ಹತ್ತಿರಹತ್ತಿರ 3.4. ಹೀಗೆ ಎರಡು ಮಂಚ ಹಾಸಿಗೆ ಸಮೇತ 60, ಎರಡು ಕಪಾಟು 62, ಫ್ರಿಜ್ 25, ವಾಷಿಂಗ್ ಮೆಷಿನ್ 15, ಸೋಫಾ ಸೆಟ್ 60, ಊಟದ ಮೇಜು ಕುರ್ಚಿ 35, ಟಿವಿ ಮತ್ತು ಸ್ಟ್ಯಾಂಡ್ 15, ಅಡುಗೆಮನೆಯ 12 ಪೆಟ್ಟಿಗೆ 40, ಬಟ್ಟೆ ಪುಸ್ತಕಗಳ 20 ಪೆಟ್ಟಿಗೆ 68, ಇನ್ವರ್ಟರ್, ಬಕೆಟ್, ಹೂಕುಂಡ ಇತ್ಯಾದಿ 30. ಒಟ್ಟು 410. ಸಾಮಾನಿನ ನಡುವೆ ಸಂದು ಉಳಿದೇ ಉಳಿಯುತ್ತದೆ, ಅದಕ್ಕೆ ಆರನೇ ಒಂದು ಪಾಲು ಸೇರಿಸಿದರೆ 480 ಘನ ಅಡಿ.

ಟಾಟಾ ಏಸ್‌ನ ಹಿಂಭಾಗ ಹೆಚ್ಚುಕಡಿಮೆ ಏಳಡಿ ಉದ್ದ, ಐದಡಿ ಅಗಲ. ಐದಡಿ ಎತ್ತರಕ್ಕೆ ಕಟ್ಟಿದರೂ 175 ಘನ ಅಡಿ, ಅಂದರೆ ಈ ಮನೆಗೆ ಮೂರು ಟ್ರಿಪ್. ಹತ್ತಡಿಯ ಟಾಟಾ 407 ಮಿನಿ ಲಾರಿಯಲ್ಲಿ ಆರಡಿ ಎತ್ತರಕ್ಕೆ ಜೋಡಿಸಿದರೆ 330, ಎರಡು ಟ್ರಿಪ್. ಹದಿನಾಲ್ಕು ಅಡಿಯ ಗಾಡಿ ಒಂದೇ ಟ್ರಿಪ್ಪಿನಲ್ಲಿ ಮುಗಿಸುತ್ತದೆ, ಆದರೆ ಅದು ನಿಮ್ಮ ರಸ್ತೆಯಲ್ಲಿ ತಿರುಗಬೇಕು. ಏಸ್‌ನ ಬಾಡಿಗೆ ಕಡಿಮೆ ಎಂದು ಅದನ್ನೇ ಹಿಡಿದು ಮೂರು ಸಲ ಓಡಿಸುವವರು ಒಂದು ವಿಷಯ ಮರೆಯುತ್ತಾರೆ: ಗಾಡಿ ಓಡುವಾಗ ಆಳುಗಳ ಮಜೂರಿಯೂ ಓಡುತ್ತಿರುತ್ತದೆ. ಎರಡು ಮನೆಗಳ ನಡುವೆ ಎಂಟು-ಹತ್ತು ಕಿಲೋಮೀಟರಿಗಿಂತ ಹೆಚ್ಚಿದ್ದರೆ, ಉದಾಹರಣೆಗೆ ತೊಕ್ಕೊಟ್ಟಿನಿಂದ ಸುರತ್ಕಲ್ಲಿಗೆ, ಒಂದು ಗಾಡಿ ಎರಡು ಟ್ರಿಪ್ ಮಾಡುವುದಕ್ಕಿಂತ ಎರಡು ಗಾಡಿ ಒಂದೊಂದು ಟ್ರಿಪ್ ಮಾಡುವುದೇ ಒಳ್ಳೆಯದು.

ಮಂಗಳೂರಿನಿಂದ ಉಡುಪಿ, ಮಣಿಪಾಲಕ್ಕೆ ಹೋಗುವುದಾದರೆ ದೂರಕ್ಕೂ ಬೆಲೆ ಬರುತ್ತದೆ. ಅರುವತ್ತು ಕಿಲೋಮೀಟರ್ ದಾರಿಗೆ ನೂರ ಇಪ್ಪತ್ತರ ಬಾಡಿಗೆ, ಯಾಕೆಂದರೆ ಗಾಡಿ ಖಾಲಿ ಮರಳಬೇಕು. ಹೆಜಮಾಡಿಯ ಟೋಲ್ ಯಾರ ಲೆಕ್ಕಕ್ಕೆ ಎಂದು ಮೊದಲೇ ಮಾತಾಡಿ. ಉಡುಪಿ ಕಡೆಯ ಗಾಡಿ ಲೋಡ್ ಇಳಿಸಿ ಖಾಲಿ ಮರಳುವುದಿದ್ದರೆ ಆ ರಿಟರ್ನ್ ಬಾಡಿಗೆ ತುಂಬ ಕಡಿಮೆಗೆ ಸಿಗುತ್ತದೆ. ಸಮಯ ಮಾತ್ರ ಅವರದ್ದು. ಸಾಮಾನು ಸಂಜೆ ತಲುಪಿದರೂ ಅಡ್ಡಿಯಿಲ್ಲ ಎನ್ನುವವರಿಗೆ, ಒಂದು ರೂಮಿನ ಸಾಮಾನಿರುವ ವಿದ್ಯಾರ್ಥಿಗಳಿಗೆ ಇದು ಸರಿ.

ಈಗ ಮೊತ್ತ. ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸಲು ಇಟ್ಟವು, ನಿಮ್ಮ ಹತ್ತಿರದ ಟೆಂಪೊ ಸ್ಟ್ಯಾಂಡಿನಲ್ಲಿ ಕೇಳಿ ಬದಲಿಸಿಕೊಳ್ಳಿ. ನಾಲ್ವರಿಗೆ ದಿನದ ಮಜೂರಿ 1,200ರಂತೆ 4,800. 407 ಎರಡು ಟ್ರಿಪ್, 1,800ರಂತೆ 3,600. ಪೆಟ್ಟಿಗೆ 32, ತಲಾ 60ರಂತೆ 1,920. ಟೇಪ್, ಬಬಲ್ ರ್ಯಾಪ್, ಪ್ಲಾಸ್ಟಿಕ್ ಫಿಲ್ಮ್ 1,500. ಮಂಚ, ಕಪಾಟು ಬಿಚ್ಚಿ ಜೋಡಿಸಲು ಆಚಾರಿಗೆ 1,500. ಒಂದು ಎಸಿ ತೆಗೆದು ಹಾಕಲು 2,000. ಚಹಾ, ಊಟಕ್ಕೆ 800. ಒಟ್ಟು 16,120. ಶೇಕಡಾ ಹತ್ತು ಕೈಯಲ್ಲಿ ಇಟ್ಟುಕೊಂಡರೆ ಸುಮಾರು 17,700. ಪ್ಯಾಕರ್ಸ್ ಸಂಸ್ಥೆಯ ದರವನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಿ. ಅವರು ಪ್ಯಾಕಿಂಗ್ ಸೇರಿಸಿ ಬಿಲ್ ಮಾಡುವಾಗ ಸಾಮಾನ್ಯವಾಗಿ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ, ಅದು ಹೇಳಿದ ದರದೊಳಗೆ ಇದೆಯೋ ಹೊರಗೆಯೋ ಎಂದು ಕೇಳಿ. ಯಾರಾದರೂ ಇದರ ಅರ್ಧಕ್ಕೆ ಒಪ್ಪಿಕೊಂಡರೆ ಯಾವ ಬಾಬ್ತನ್ನು ಬಿಟ್ಟಿದ್ದಾರೆ ಎಂದು ಒಂದೊಂದಾಗಿ ಕೇಳಿ. ಹೆಚ್ಚಾಗಿ ಬಿಟ್ಟುಹೋಗಿರುವುದು ಇಳಿಸುವ ಕಡೆಯ ಮಹಡಿ.

ದಿನಗೂಲಿಯೋ ಗುತ್ತಿಗೆಯೋ? ಊರೊಳಗಿನ ಕೆಲಸಕ್ಕೆ ಆಳುಗಳ ಪಾಲನ್ನು ಗುತ್ತಿಗೆಯಾಗಿ, ಗಾಡಿಯನ್ನು ಟ್ರಿಪ್ ಲೆಕ್ಕದಲ್ಲಿ ಮಾತಾಡುವುದು ಸರಿ. ಗುತ್ತಿಗೆಯಲ್ಲಿ ಅವಸರ ಜಾಸ್ತಿ, ಪೆಟ್ಟು ಬೀಳುವುದೂ ಜಾಸ್ತಿ ಎಂಬುದು ನಿಜ. ಅದಕ್ಕೆ ಮದ್ದು ಸಾಮಾನಿನ ಪಟ್ಟಿಯನ್ನು ಗುತ್ತಿಗೆಗೇ ಲಗತ್ತಿಸುವುದು. ರುಬ್ಬುವ ಕಲ್ಲು, ಹಲಸಿನ ಮರದ ಹಳೆಯ ಪೆಟ್ಟಿಗೆ, ಕಲ್ಲಿನ ತುಳಸಿಕಟ್ಟೆ ಇದ್ದರೆ ಮೊದಲೇ ತೋರಿಸಿ. ಅವನ್ನು ಕೊನೆಗೆ ಹೊರಗೆ ತಂದು "ಇದೂ ಒಂದು" ಎನ್ನುವುದು ಹೊರುವವರಿಗೆ ಮಾಡುವ ಅನ್ಯಾಯ. ಊಟ ನಿಮ್ಮದೋ ಅವರದೋ ಎಂಬುದೂ ಮೊದಲೇ ತೀರ್ಮಾನವಾಗಲಿ. ಕುಡಿಯುವ ನೀರಂತೂ ನಿಮ್ಮದೇ.

ಸಾಮಾನು ಹಾಳಾಗುವ ಜಾಗಗಳು ಕೆಲವೇ, ಮತ್ತೆ ಮತ್ತೆ ಅವೇ. ಪುಸ್ತಕವನ್ನು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿದರೆ ತಳ ಬಿಚ್ಚುತ್ತದೆ, ಸಣ್ಣ ಪೆಟ್ಟಿಗೆಗೆ 15 ಕೆ.ಜಿ. ಸಾಕು. ಪಿಂಗಾಣಿ ತಟ್ಟೆಯನ್ನು ಮಲಗಿಸಿ ಪೇರಿಸಬೇಡಿ, ನೇರ ನಿಲ್ಲಿಸಿ. ಗಾಡಿ ಕುಲುಕಿದಾಗ ಮೇಲಿನ ಭಾರವೆಲ್ಲ ಅಡಿಯ ತಟ್ಟೆಯ ಮೇಲೆ ಬೀಳುವುದು ಆಗ ತಪ್ಪುತ್ತದೆ. ಫ್ರಿಜ್ ಅನ್ನು ಹಿಂದಿನ ರಾತ್ರಿ ಆಫ್ ಮಾಡಿ ನೀರು ಒರೆಸಿ, ನಿಲ್ಲಿಸಿಯೇ ಸಾಗಿಸಿ, ಹೊಸ ಮನೆಯಲ್ಲಿ ಮೂರು-ನಾಲ್ಕು ಗಂಟೆ ಬಿಟ್ಟು ಆನ್ ಮಾಡಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ಗೆ ಕೊಂಡಾಗ ಬಂದ ಟ್ರಾನ್ಸಿಟ್ ಬೋಲ್ಟ್ ಹಾಕದೆ ಸಾಗಿಸಿದರೆ ಒಳಗಿನ ಡ್ರಮ್ ತೂಗಾಡಿ ಸ್ಪ್ರಿಂಗ್ ಕೆಡುತ್ತದೆ. ಎಸಿ ತೆಗೆಯುವಾಗ ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದುಕೊಂಡು ವಾಲ್ವ್ ಮುಚ್ಚಬೇಕು. ಅದನ್ನು ಬಲ್ಲವರೇ ಬರಬೇಕು, ಹೊರುವವರ ಕೈಗೆ ಸ್ಪ್ಯಾನರ್ ಕೊಡಬೇಡಿ. ಇನ್ವರ್ಟರ್ ಬ್ಯಾಟರಿ ಓರೆಯಾದರೆ ಆ್ಯಸಿಡ್ ಚೆಲ್ಲುತ್ತದೆ, ಅದರ ಪಕ್ಕ ಬಟ್ಟೆ ಇಡಬೇಡಿ. ಗ್ಯಾಸ್ ಸಿಲಿಂಡರ್ ಸಾಮಾನಿನ ಜೊತೆ ಗಾಡಿ ಏರಬಾರದು. ಪಾರ್ಟಿಕಲ್ ಬೋರ್ಡಿನ ಮಂಚ, ಕಪಾಟನ್ನು ಬಿಚ್ಚಿ ಜೋಡಿಸಿದಾಗ ಸ್ಕ್ರೂ ಹಿಡಿಯುವ ತೂತು ಸವೆಯುತ್ತದೆ. ಎರಡನೇ ಸಲ ಬಿಚ್ಚುವುದಾದರೆ ಸ್ವಲ್ಪ ದಪ್ಪ ಸ್ಕ್ರೂ ತರಲು ಆಚಾರಿಗೆ ಹೇಳಿಡಿ.

ಮಳೆಗಾಲವನ್ನು ಬೇರೆಯಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳು ಶಾಲೆ ರಜೆ, ಒಕ್ಕಲಿನ ಮುಹೂರ್ತಗಳಿಂದಾಗಿ ಗಾಡಿಗೂ ಆಳಿಗೂ ಎಳೆದಾಟ. ತಿಂಗಳ ಕೊನೆಯ ಎರಡು ದಿನ, ಮೊದಲ ಎರಡು ದಿನವೂ ಹಾಗೆಯೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳಲ್ಲಿ ಹೆಚ್ಚಿನವರು ಹೊಸ ಮನೆಗೆ ಹೋಗುವುದಿಲ್ಲ, ಹಾಗಾಗಿ ದರ ಇಳಿಯುತ್ತದೆ, ಕೆಲಸ ಗೊತ್ತಿರುವ ತಂಡವೂ ಸಿಗುತ್ತದೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ, ಆ ನಂಬಿಕೆ ಇಲ್ಲದವರಿಗೆ ಇದು ಅನುಕೂಲದ ಕಾಲ, ಆದರೆ ತೆರೆದ ಗಾಡಿ ಬೇಡ, ಮುಚ್ಚಿದ ಬಾಡಿಯದ್ದೇ ಬೇಕು. ತಾಡಪತ್ರಿ ಹೊದೆಸಿದರೂ ಲೋಡ್ ಮಾಡುವ ಗಂಟೆಯಲ್ಲಿ ಮೇಲೆ ಸೂರಿಲ್ಲದಿದ್ದರೆ ಹಾಸಿಗೆ ನೆನೆಯುತ್ತದೆ. ಹಾಸಿಗೆಗೆ ದಪ್ಪ ಪ್ಲಾಸ್ಟಿಕ್ ಚೀಲ, ಪ್ಲೈವುಡ್ಡಿನ ಕಾಲುಗಳಿಗೆ ಫಿಲ್ಮ್ ಖಡಾಖಂಡಿತ ಬೇಕು. ಅಂಗಳದ ಮುರಕಲ್ಲಿನ ಮೇಲೆ ಪಾಚಿ ಕಟ್ಟಿದ್ದರೆ ಹಿಂದಿನ ದಿನವೇ ಉಜ್ಜಿಸಿ, ಅಥವಾ ಗೋಣಿ ಹಾಸಿ. ಫ್ರಿಜ್ ಹೊತ್ತವರು ಅಲ್ಲಿ ಜಾರಿದರೆ ಪೆಟ್ಟಾಗುವುದು ಬರೀ ಫ್ರಿಜ್ಜಿಗಲ್ಲ. ಹೊಸ ಮನೆಗೆ ತಲುಪಿದ ಮೇಲೆ ಮರದ ಸಾಮಾನಿನ ಫಿಲ್ಮ್ ಅಂದೇ ಬಿಚ್ಚಿ. ನಮ್ಮ ಕರಾವಳಿಯ ತೇವಕ್ಕೆ ಒಳಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ.

ಕಾಗದಪತ್ರದ ವಿಷಯ ಕೊನೆಗೆ ಬಂತೆಂದು ಹಗುರವಾಗಿ ಕಾಣಬೇಡಿ. ಗಾಡಿಯ ನಂಬರ್ ಪ್ಲೇಟ್ ಹಳದಿಯೇ ಎಂದು ನೋಡಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯಲ್ಲಿ ಬಾಡಿಗೆ ಸಾಮಾನು ಸಾಗಿಸುವಾಗ ಅಪಘಾತವಾದರೆ ವಿಮೆಯ ಹಣ ಬರುವುದು ಕಷ್ಟ. ಮುಂಗಡ ಹತ್ತರಿಂದ ಇಪ್ಪತ್ತು ಶೇಕಡಾ ಮೀರದಿರಲಿ, ಉಳಿದದ್ದು ಸಾಮಾನು ಇಳಿಸಿದ ಮೇಲೆ. ಪೂರ್ತಿ ಹಣ ಕೊಟ್ಟು ಬೆಂಗಳೂರಿಗೆ ಸಾಮಾನು ಕಳಿಸಿದವರಿಗೆ ಘಾಟಿ ದಾಟಿದ ಮೇಲೆ "ಇನ್ನಷ್ಟು ಕೊಟ್ಟರೆ ಮಾತ್ರ ಇಳಿಸ್ತೇವೆ" ಎಂಬ ಫೋನ್ ಬರುವುದುಂಟು. ದೂರದ ಸಾಗಣೆಗೆ ಲಾರಿ ರಸೀದಿ ಕೇಳಿ ಪಡೆಯಿರಿ, ಅದರಲ್ಲಿ ಸಾಮಾನಿನ ಒಟ್ಟು ಬೆಲೆ ಬರೆಸಿ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಘೋಷಿಸಿದ ಬೆಲೆಯನ್ನು ಮೀರುವುದಿಲ್ಲ. ರಸೀದಿಯಲ್ಲಿ 'ಓನರ್ಸ್ ರಿಸ್ಕ್', ಅಂದರೆ ಹಾಳಾದರೆ ಹೊಣೆ ಸಾಮಾನಿನ ಮಾಲೀಕರದ್ದೇ ಎಂದು ಅಚ್ಚಾಗಿದೆಯೇ ನೋಡಿ. "ಇನ್ಶೂರೆನ್ಸ್ ಇದೆ" ಎಂದು ಹಣ ಪಡೆದರೆ ವಿಮಾ ಕಂಪನಿಯ ಪಾಲಿಸಿ ಪ್ರತಿಯನ್ನೇ ಕೇಳಿ, ಸಂಸ್ಥೆಯ ಲೆಟರ್‌ಹೆಡ್ಡಿನ ಮಾತು ಪಾಲಿಸಿ ಆಗುವುದಿಲ್ಲ.

ಸಾಮಾನು ಇಳಿದ ಮೇಲೆ ಪಟ್ಟಿ ಹಿಡಿದು ನಗ ಎಣಿಸಿ, ಒಡೆದದ್ದು, ಗೀರಾದದ್ದು ಇದ್ದರೆ ರಸೀದಿಯ ಮೇಲೆಯೇ ಬರೆದು ಆಮೇಲೆ ಸಹಿ ಹಾಕಿ, ಫೋಟೊ ತೆಗೆದಿಡಿ. ಸಾಗಣೆದಾರರ ಮೇಲೆ ದಾವೆ ಹೂಡುವುದಿದ್ದರೆ ಬುಕ್ಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಮಂಗಳೂರು, ಉಡುಪಿ ಎರಡೂ ಕಡೆ ಜಿಲ್ಲಾ ಗ್ರಾಹಕ ಆಯೋಗಗಳಿವೆ. ನೀವು ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರು ಸಲ್ಲಿಸಲು ಶುಲ್ಕವಿಲ್ಲ.