ಒಂದೇ ಕಣ್ಣು ಕೆಂಪು, ಒಳಗೆ ಏರಿದ ಒತ್ತಡ

ಕಣ್ಣಿನೊಳಗೆ ಉರಿಯೂತವಾದಾಗ ಕಣ್ಣಿನ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ದ್ರವ ಸ್ರವಿಸುವ ಭಾಗವೇ ಸೊರಗಿರುತ್ತದೆ. ಹರ್ಪಿಸ್ ವೈರಸ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ದ್ರವ ಹೊರಹೋಗುವ ಜಾಲರಿಯೇ ಊದಿಕೊಂಡು, 10ರಿಂದ 21 ಮಿ.ಮೀ. ಪಾದರಸದಷ್ಟು ಇರಬೇಕಾದ ಒತ್ತಡ 40 ದಾಟುವುದೂ ಉಂಟು. ಒಂದೇ ಕಣ್ಣು ಕೆಂಪಾಗಿ, ನೋಟ ಮಬ್ಬಾಗಿ, ಬೆಳಕು ಚುಚ್ಚುತ್ತಿರುವಾಗ ಒತ್ತಡವೂ ಏರಿದ್ದರೆ ಹರ್ಪಿಸನ್ನು ಅನುಮಾನಿಸಲೇಬೇಕು. ಅಮೆರಿಕದ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ, ರೋಗಿಗಳಲ್ಲಿ ಇದನ್ನು ಪತ್ತೆಹಚ್ಚಿ ಚಿಕಿತ್ಸೆ ಕೊಡುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಆದರೆ ಅನುಮಾನ ಬಂತೆಂದು ರಕ್ತ ಪರೀಕ್ಷೆಗೆ ಬರೆದರೆ ಈ ರೋಗಿಗಳಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ಅಮೆರಿಕದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 14ರಿಂದ 49 ವರ್ಷದ ಮೆಕ್ಸಿಕನ್ ಮೂಲದವರಲ್ಲಿ ಶೇ 71.7 ಮಂದಿಗೆ ಹರ್ಪಿಸ್ ಸಿಂಪ್ಲೆಕ್ಸ್-1 (ತುಟಿಯ ಗುಳ್ಳೆ ತರುವ ಹರ್ಪಿಸ್) ತಗುಲಿದ ಗುರುತಿತ್ತು. ಹಿಸ್ಪಾನಿಕ್ ಅಲ್ಲದ ಬಿಳಿಯರಲ್ಲಿ ಶೇ 36.9. ಎಳವೆಯಲ್ಲೇ ಎಂಜಲಿನಿಂದ ಹರಡಿ, ಮುಖದ ನರದ ಗಂಟಿನಲ್ಲಿ ಜೀವಮಾನವಿಡೀ ಅಡಗಿ ಕೂರುವ ವೈರಸ್ ಇದು. ಮುಕ್ಕಾಲು ಪಾಲು ಜನರ ರಕ್ತದಲ್ಲಿ ಸಿಗುವ ಗುರುತು ಇಂದಿನ ಕಣ್ಣುನೋವಿಗೆ ಸಾಕ್ಷಿಯಾಗದು.

ಸಾಕ್ಷಿ ಸಿಗುವುದು ಕಣ್ಣಲ್ಲೇ. ಮರಗಟ್ಟಿಸುವ ಹನಿ ಹಾಕುವ ಮೊದಲೇ ಹತ್ತಿಯ ಎಳೆಯಿಂದ ಎರಡೂ ಕಾರ್ನಿಯಾಗಳನ್ನು (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮುಟ್ಟಿ ನೋಡಬೇಕು; ಹರ್ಪಿಸ್ ಕಣ್ಣಿನಲ್ಲಿ ಸ್ಪರ್ಶ ಮಂಕಾಗಿರುತ್ತದೆ. ಹನಿ ಹಾಕಿದ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ. ಆಮೇಲೆ ಫ್ಲೋರೆಸಿನ್ ಬಣ್ಣ, ನೀಲಿ ಬೆಳಕು: ಕವಲೊಡೆದ ಕೊಂಬೆಯಂಥ ಹುಣ್ಣು ಹಸಿರಾಗಿ ಹೊಳೆದರೆ ರೋಗ ಬಹುಪಾಲು ಖಚಿತ. ಐರಿಸ್‌ನ (ಪಾಪೆಯ ಸುತ್ತಲಿನ ಬಣ್ಣದ ವರ್ತುಲ) ಒಂದು ಭಾಗ ಮಾತ್ರ ಸವೆದಿರುವುದೂ ಒಳ್ಳೆಯ ಸುಳಿವು. ತಿಳಿಬಣ್ಣದ ಕಣ್ಣಿನಲ್ಲಿ ಹಿಂದಿನಿಂದ ಬೆಳಕು ಹಾಯಿಸಿದರೆ ಸವೆದ ಜಾಗ ಎದ್ದು ಕಾಣುತ್ತದೆ. ದಟ್ಟ ಕಂದು ಐರಿಸ್‌ನಲ್ಲಿ ಅದು ಸುಲಭಕ್ಕೆ ಕಾಣದು. ಹಿಸ್ಪಾನಿಕ್ ರೋಗಿಗಳಲ್ಲಿ ಹೆಚ್ಚಿನವರ ಕಣ್ಣು ಕಂದು, ನಮ್ಮವರದೂ ಅಷ್ಟೇ. ಹಾಗಾಗಿ ಪಾಪೆ ಹಿಗ್ಗಿಸುವ ಮೊದಲು ಅದರ ಆಕಾರ ಓರೆಯಾಗಿದೆಯೇ ಎಂದು ಗಮನಿಸಬೇಕು. ಹಿಗ್ಗಿಸಿದ ಬಳಿಕ ಅಕ್ಷಿಪಟವನ್ನು ನೋಡದೆ ರೋಗಿಯನ್ನು ಕಳಿಸಬಾರದು. ಅಲ್ಲಿಗೂ ಸೋಂಕು ಹರಡಿದ್ದರೆ ದೃಷ್ಟಿ ದಿನಗಳಲ್ಲೇ ಹೋಗಬಹುದು. ಸರ್ಪಸುತ್ತಿನ ವೈರಸ್ಸಿನದೂ ಹೆಚ್ಚುಕಡಿಮೆ ಇದೇ ಚಾಳಿ. ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿನ ಬಗ್ಗೆ ಎಚ್ಚರ ಬೇಕು.

ಎಡವಟ್ಟು ಹೆಚ್ಚಾಗಿ ಆಗುವುದು ಸ್ಟೀರಾಯ್ಡ್ ಹನಿಯಿಂದ. ಕೆಂಪು ಕಣ್ಣೆಂದು ಅದನ್ನಷ್ಟೇ ಹಾಕಿದರೆ ಎರಡು ದಿನ ಹಾಯೆನಿಸುತ್ತದೆ, ಕೊಂಬೆಯಂಥ ಹುಣ್ಣು ಮಾತ್ರ ಒಳಗೊಳಗೇ ಅಗಲವಾಗುತ್ತದೆ. ಒಳಗಿನ ಉರಿಯೂತಕ್ಕೆ ಸ್ಟೀರಾಯ್ಡ್ ಬೇಕು ನಿಜ, ಆದರೆ ವೈರಸ್ ವಿರೋಧಿ ಔಷಧದ ರಕ್ಷಣೆಯಲ್ಲಿ. ನಿಲ್ಲಿಸುವಾಗಲೂ ವಾರಗಟ್ಟಲೆ ಮೆಲ್ಲಗೆ ಇಳಿಸಬೇಕು. ಒತ್ತಡ ಏರಿಸುವುದು ಸ್ಟೀರಾಯ್ಡಿನ ಗುಣವೂ ಹೌದು. ಲಾಸ್ ಏಂಜಲೀಸ್ ಬಳಿಯ ಲಾ ಪುಯೆಂಟೆಯಲ್ಲಿ 6,000ಕ್ಕೂ ಹೆಚ್ಚು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನರನ್ನು ಪರೀಕ್ಷಿಸಿದಾಗ 40 ವರ್ಷ ದಾಟಿದವರಲ್ಲಿ ಶೇ 5ರ ಹತ್ತಿರ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಇತ್ತು, ಅವರಲ್ಲಿ ಸುಮಾರು ಮುಕ್ಕಾಲು ಮಂದಿಗೆ ಅದರ ಅರಿವೇ ಇರಲಿಲ್ಲ. ಇಂಥವರಿಗೆ ಪ್ರತಿ ಭೇಟಿಯಲ್ಲೂ ಒತ್ತಡ ಅಳೆಯಲೇಬೇಕು.

ಸಿಂಪ್ಲೆಕ್ಸ್‌ಗೆ ವೈರಸ್ ವಿರೋಧಿ ಅಸೈಕ್ಲೋವಿರ್ 400 ಮಿ.ಗ್ರಾಂ. ಮಾತ್ರೆ ದಿನಕ್ಕೆ 5 ಬಾರಿ ಎಂಬುದು ವಾಡಿಕೆಯ ಪ್ರಮಾಣ. ಸಕ್ಕರೆ ಕಾಯಿಲೆ ಹಿಸ್ಪಾನಿಕ್ ವಯಸ್ಕರಲ್ಲಿ ಹೆಚ್ಚು. ಅದರಿಂದ ಮೂತ್ರಪಿಂಡ ಸೋತಿದ್ದರೆ ಔಷಧ ಮೈಯಲ್ಲೇ ಉಳಿದು ಗೊಂದಲ, ಭ್ರಮೆ ತರಬಹುದು. ಆದ್ದರಿಂದ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಮಟ್ಟ ನೋಡಿ ಪ್ರಮಾಣ ತಗ್ಗಿಸುತ್ತಾರೆ. ಗುಣವಾದ ಮೇಲೆ ದಿನಕ್ಕೆ 2 ಬಾರಿಯಂತೆ ವರ್ಷವಿಡೀ ಮುಂದುವರಿಸಿದರೆ ರೋಗ ಮರಳುವುದು ಕಡಿಮೆ: 703 ರೋಗಿಗಳ ಮೇಲಿನ, 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾತ್ರೆ ತಿಂದವರಲ್ಲಿ ಶೇ 19, ಹುಸಿಮಾತ್ರೆಯವರಲ್ಲಿ ಶೇ 32. ಮಾತ್ರೆ ನಿಲ್ಲಿಸಿದ ನಂತರ ಆ ರಕ್ಷಣೆ ಉಳಿಯಲಿಲ್ಲ.