ಯಾದಗಿರಿಯ ತೊಟ್ಟಿಲು, ಬೀದರ್‌ನ ಪಾಟಿಚೀಲ

2011ರ ಜನಗಣತಿ ತೆಗೆದು ನೋಡಿ. ಹಿಂದಿನ ಹತ್ತು ವರ್ಷದಲ್ಲಿ ಕರ್ನಾಟಕದಲ್ಲಿ ವೇಗವಾಗಿ ಬೆಳೆದ ಜಿಲ್ಲೆ ಬೆಂಗಳೂರು. ಬಳ್ಳಾರಿಯೂ ಮುಂದಿನ ಸಾಲಲ್ಲೇ ಇದೆ. ಬೆಂಗಳೂರಲ್ಲಿ ಉದ್ಯೋಗ, ಬಳ್ಳಾರಿಯಲ್ಲಿ ಗಣಿ, ಜನ ಬಂದರು. ಅದೇ ಸಾಲಲ್ಲಿ ಯಾದಗಿರಿಯೂ ಇದೆ, ಶೇ 22ಕ್ಕಿಂತ ಜಾಸ್ತಿ. ರಾಜ್ಯದ ಸರಾಸರಿ ಶೇ 15.6 ಅಷ್ಟೇ. ಯಾದಗಿರಿಗೆ ದುಡಿಯಲು ಬರುವವರಿಗಿಂತ ಅಲ್ಲಿಂದ ಗುಳೆ ಹೋಗುವವರೇ ಹೆಚ್ಚು. ಹಾಗಾದರೆ ಈ ಏರಿಕೆ ಎಲ್ಲಿಂದ ಬಂತು? ತೊಟ್ಟಿಲಿಂದಲೇ.

ಕಾರಣ ಕೇಳಿದರೆ ಎಲ್ಲರೂ ನಿಜಾಮರ ಕಾಲಕ್ಕೆ ಬೆರಳು ತೋರಿಸುತ್ತಾರೆ. ಅದರಲ್ಲಿ ನಿಜ ಇಲ್ಲದಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆದಿತ್ತು. ಯಾದಗಿರಿ ಇರುವ ನಮ್ಮ ಕಡೆ 1948ರವರೆಗೂ ನಿಜಾಮರ ಹೈದರಾಬಾದ್ ಸಂಸ್ಥಾನ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಓಟ ತಡವಾಗಿಯೇ ಶುರುವಾಯಿತು.

ಆದರೆ ಬೀದರ್? ಅದೂ ನಿಜಾಮರದ್ದೇ. ಅಲ್ಲಿನ ಬೆಳವಣಿಗೆ ಸುಮಾರು ಶೇ 13, ರಾಜ್ಯದ ಸರಾಸರಿಗಿಂತ ಕಮ್ಮಿ. ಹೈದರಾಬಾದ್‌ಗೆ ದುಡಿಯಲು ಹೋದವರನ್ನು ಲೆಕ್ಕಕ್ಕೆ ಹಿಡಿದರೂ ವ್ಯತ್ಯಾಸ ದೊಡ್ಡದು. ನನಗೆ ಕಾಣುವ ಉತ್ತರ ಹೆಣ್ಣುಮಕ್ಕಳ ಶಾಲೆಯಲ್ಲಿದೆ. ಆ ಗಣತಿಯಲ್ಲಿ ಬೀದರ್‌ನ ಮಹಿಳಾ ಸಾಕ್ಷರತೆ ಶೇ 61 ದಾಟಿತ್ತು. ಯಾದಗಿರಿಯದು ಶೇ 41ರ ಆಸುಪಾಸು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಗೆ ಮದುವೆ ಬೇಗ, ಮೊದಲ ಹೆರಿಗೆ ಇನ್ನೂ ಬೇಗ. ಮೊದಮೊದಲು ಹುಟ್ಟಿದ ಕೂಸು ಉಳಿಯುತ್ತದೆಂಬ ಭರವಸೆಯೂ ಇರಲಿಲ್ಲ. ನಾಲ್ಕು ಹೆತ್ತರೆ ಎರಡಾದರೂ ಉಳಿದಾವು ಎಂಬ ಲೆಕ್ಕ ದಡ್ಡತನದ್ದಲ್ಲ.

ಸರ್ಕಾರದ ಗಮನ ಮಾತ್ರ ಬಹುಕಾಲ ಮಕ್ಕಳಾಗದಂತೆ ಮಾಡುವ ಆಪರೇಷನ್ ಮೇಲೇ ಇತ್ತು. 1952ರಲ್ಲಿ ದೇಶದ ಕುಟುಂಬ ಯೋಜನೆ ಶುರುವಾಯಿತು. ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ತಂದು ಆಪರೇಷನ್ ಮಾಡಿದ ಸುದ್ದಿ ದೇಶವನ್ನೇ ಹೆದರಿಸಿತು. ಆಮೇಲೆ ಆ ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಅಂತ ಗೋಡೆ ತುಂಬ ಬರೆದರು. ಆಪರೇಷನ್ ಮಾಡಿಸಿಕೊಂಡವಳು ಅವಳೇ. ಇವತ್ತಿಗೂ ರಾಜ್ಯದಲ್ಲಿ ಗಂಡಸರ ಆಪರೇಷನ್ ಇಲ್ಲವೆನ್ನುವಷ್ಟು ಕಮ್ಮಿ.

ಇಷ್ಟಾದರೂ ಹೆರಿಗೆ ಕಮ್ಮಿಯಾಗಿದೆ. 1992-93ರಲ್ಲಿ ರಾಜ್ಯದ ಒಬ್ಬ ಹೆಂಗಸಿಗೆ ಸರಾಸರಿ 2.9 ಮಕ್ಕಳು. 2019-20ರಲ್ಲಿ 1.7. 2005ರ ನಂತರ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದರು, ಹೆರಿಗೆ ಆಸ್ಪತ್ರೆಗೆ ಹೋಯಿತು. ಆದರೆ ಹೆರಿಗೆ ಇಳಿದ ತಕ್ಷಣ ಜನಸಂಖ್ಯೆ ಇಳಿಯುವುದಿಲ್ಲ. ತುಂಬಿದ ಮನೆಗಳಲ್ಲಿ ಹುಟ್ಟಿದ ಹುಡುಗಿಯರೇ ಈಗ ತಾಯಂದಿರು. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ಸಂಖ್ಯೆ ಇನ್ನಷ್ಟು ದಿನ ಏರುತ್ತದೆ.

2021ರ ಗಣತಿ ನಡೆಯಲೇ ಇಲ್ಲ. ಈಗ 2027 ಎಂದು ಗೊತ್ತಾಗಿದೆ, ಮನುಷ್ಯರನ್ನು ಎಣಿಸುವುದು ಫೆಬ್ರುವರಿಯಲ್ಲಿ. ಅಷ್ಟೊತ್ತಿಗೆ ತೊಗರಿ ರಾಶಿ ಮುಗಿದು, ತಾಂಡಾಗಳಿಂದ ಎಷ್ಟೋ ಮನೆಯವರು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಎಣಿಕೆ ನಡೆಯುವಷ್ಟು ದಿನವೂ ಊರಲ್ಲಿ ಇಲ್ಲದವರನ್ನು ಇದ್ದಲ್ಲೇ ಎಣಿಸುವುದು ನಿಯಮ. ಹಾಗಾಗಿ ಯಾದಗಿರಿಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಬೇರೆ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಅವರಿಗೆ ಬೇಕಾದ ಅಂಗನವಾಡಿ, ಶಾಲೆ ಮಾತ್ರ ವರ್ಷದ ಉಳಿದ ತಿಂಗಳು ಇಲ್ಲೇ ಬೇಕು.